ಆಕಾಶದಲ್ಲಿ ಹೇಳಿದ ಹರಕೆ

ಮೊನ್ನೆ ಬಜ್ಪೆಯ ವಿಮಾನ ನಿಲ್ದಾಣದ ಹೊರಗೆ ನಾನೂ ನನ್ನ ಗಂಡನೂ ನಿಂತಿದ್ದೆವು. ಮಸ್ಕತ್ತಿನಿಂದ ಮಗಳು ಅಕ್ಷತಾ ಬರುವವಳಿದ್ದಳು, ವರ್ಷ ದಾಟಿದ ಮಗನನ್ನು ಎತ್ತಿಕೊಂಡು. ಮಳೆಗಾಲ ಮುಗಿದು ಎಷ್ಟೋ ಸಮಯವಾಗಿದ್ದರೂ ಅಂದು ಹಟ ಹಿಡಿದಂತೆ ಮಳೆ ಹನಿಯುತ್ತಿತ್ತು. ಯಾವನೋ ಟ್ಯಾಕ್ಸಿಯವನು ಒದ್ದೆ ರಸ್ತೆಯಲ್ಲಿ ಗಕ್ಕನೆ ಬ್ರೇಕ್ ಒತ್ತಿದ. ಸುಟ್ಟ ರಬ್ಬರಿನ ವಾಸನೆ, ಅದರ ಬೆನ್ನಿಗೇ ಒದ್ದೆ ಹುಲ್ಲಿನ ವಾಸನೆ. ಅಷ್ಟು ಸಾಕಾಯಿತು. ನನ್ನ ಕೈ ನನ್ನನ್ನು ಒಂದು ಮಾತೂ ಕೇಳದೆ ಇವರ ಮಣಿಕಟ್ಟನ್ನು ಹಿಡಿದುಬಿಟ್ಟಿತ್ತು.

"ಎಂತ ಮಾರಾಯ್ತಿ, ಇನ್ನೂ ಇಳೀಲಿಲ್ವಾ ಆ ವಿಮಾನದಿಂದ?" ಎಂದರು ಇವರು.

"ಇಲ್ಲ" ಎಂದೆ. ಇದ್ದದ್ದನ್ನೇ ಹೇಳಿದೆ.

ಕಳೆದ ವರ್ಷದ ಮಳೆಗಾಲದಲ್ಲಿ ನಾವಿಬ್ಬರೂ ಕೂತಿದ್ದ ಸಣ್ಣ ವಿಮಾನ ಇದೇ ಗುಡ್ಡದ ಮೇಲೆ ರನ್‌ವೇ ಬಿಟ್ಟು ಕೆಸರಿಗೆ ಹೋಗಿತ್ತು. ಆ ಮಳೆಗಾಲವನ್ನು ನಾನು ಹೇಗೆ ಕಳೆದೆ ಎಂದು ಯಾರಾದರೂ ಕೇಳಿದರೆ, ಹೆದರುತ್ತಾ ಕಳೆದೆ ಎನ್ನುವುದನ್ನು ಬಿಟ್ಟರೆ ಹೇಳಲು ಬೇರೆ ಮಾತಿಲ್ಲ.

ನಾನು ಸುರತ್ಕಲ್ಲಿನ ಒಂದು ಶಾಲೆಯಲ್ಲಿ ಕನ್ನಡ ಕಲಿಸಿ ಆಗಷ್ಟೇ ನಿವೃತ್ತಳಾಗಿದ್ದೆ. ಮನೆಯ ಮಾತು ತುಳು, ಬರೆಯುವುದು ಕನ್ನಡ. ಆದ್ದರಿಂದ ಎಲ್ಲರ ಬಾಯಲ್ಲೂ ಇಲ್ಲಿ ಕನ್ನಡವನ್ನೇ ಆಡಿಸುತ್ತೇನೆ. ನಮ್ಮ ಮನೆ ಬಿಜೈಯಲ್ಲಿ. ಇವರದು ಬಿಕರ್ನಕಟ್ಟೆಯಲ್ಲಿ ಟಯರಿನ ಅಂಗಡಿ. ಒಬ್ಬಳೇ ಮಗಳು, ಮಸ್ಕತ್ತಿನಲ್ಲಿ ಗಂಡ ಪ್ರಶಾಂತನ ಜತೆ ಇದ್ದಳು. ಚೌತಿಯ ಹೊತ್ತಿಗೆ ಅವಳ ಹೆರಿಗೆ. ಅವಳಿಗೆ ಅತ್ತೆ ಇಲ್ಲ. ಬಾಣಂತನಕ್ಕೆ ನಾನು ಹೋಗುವುದೆಂದು ನಿಶ್ಚಯವಾಗಿತ್ತು. ಎಣ್ಣೆ, ಬಾಣಂತಿ ಮದ್ದಿನ ಸಾಮಾನು, ಹಳೆಯ ಮೆತ್ತನೆಯ ಸೀರೆ ಹರಿದು ಮಾಡಿದ ಬಟ್ಟೆ ಎಲ್ಲ ಒಂದು ಪೆಟ್ಟಿಗೆಯಲ್ಲಿ ತುಂಬಿಸಿಟ್ಟಿದ್ದೆ.

ಆ ನಡುವೆ ಬೆಂಗಳೂರಿನಲ್ಲಿದ್ದ ನನ್ನ ತಮ್ಮನಿಗೆ ಹೃದಯದ ಆಪರೇಶನ್ ಆಯಿತು, ನೋಡಿಕೊಂಡು ಬರಲು ಹೋದೆವು. ಹಿಂದೆ ಬರುವಾಗ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆಯೂ ಬಂದ್, ರೈಲೂ ಬಂದ್. ಇವರು ವಿಮಾನಕ್ಕೆ ಟಿಕೆಟ್ ಮಾಡಿದರು. ರೆಕ್ಕೆಯ ಕೆಳಗೆ ಫ್ಯಾನು ತಿರುಗುವ ಸಣ್ಣ ವಿಮಾನ. "ಇದೆಂತ, ನಮ್ಮ ಸಿಟಿ ಬಸ್ಸಿನಷ್ಟೇ ಉಂಟಲ್ಲ, ಬಾಗಿಲಲ್ಲಿ ನೇತಾಡ್ಲಿಕ್ಕೆ ಕಂಡಕ್ಟರ್ ಒಬ್ಬ ಇಲ್ಲ" ಎಂದು ಇವರು ಹತ್ತುವಾಗ ನಗಾಡಿದರು. ನನಗೆ ಕಿಟಕಿಯ ಬದಿ ಸಿಕ್ಕಿತು. ಆ ಕಿಟಕಿಯಿಂದ ಕೆಳಗೆ ನೋಡಿದರೆ ಎಡಗಡೆಯ ಚಕ್ರವೇ ಕಾಣುತ್ತಿತ್ತು.

ಹಾರಿದ್ದು ಚೆನ್ನಾಗಿಯೇ ಹಾರಿತು. ಮೋಡದೊಳಗಿಂದ ಇಳಿಯುತ್ತಾ ನಮ್ಮೂರಿನ ಕೆಂಪು ಗುಡ್ಡಗಳು, ತುಂಬಿದ ನದಿ ಕಂಡವು. ಚಕ್ರ ಹೊರಗೆ ಬಂತು. ಇನ್ನೇನು ಇಳಿಯಿತು ಎನ್ನುವಾಗ ವಿಮಾನ ಒಮ್ಮೆಲೇ ಗರ್ಜಿಸಿ ಮೇಲಕ್ಕೆದ್ದಿತು. ಸ್ವಲ್ಪ ಹೊತ್ತಿನ ಮೇಲೆ ಪೈಲಟ್ ಇಂಗ್ಲಿಷಿನಲ್ಲಿ ಮಾತಾಡಿದ. ಎಡಗಡೆಯ ಚಕ್ರ ಹೊರಗೇನೋ ಬಂದಿದೆ, ಗಟ್ಟಿಯಾಗಿ ಕೂತಿದೆಯೋ ಇಲ್ಲವೋ ತಮಗೆ ಗೊತ್ತಾಗುತ್ತಿಲ್ಲ, ಎಣ್ಣೆ ಕಡಿಮೆಯಾಗುವವರೆಗೆ ಸಮುದ್ರದ ಮೇಲೆ ಸುತ್ತಿ ಆಮೇಲೆ ಇಳಿಯುತ್ತೇವೆ ಎಂದ. ದನಿಯಲ್ಲಿ ಏರಿಳಿತವೇ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು.

ಬಜ್ಪೆಯ ರನ್‌ವೇ ಇರುವುದು ಗುಡ್ಡದ ನೆತ್ತಿಯನ್ನು ಕೆತ್ತಿ ಚಪ್ಪಟೆ ಮಾಡಿದ ಜಾಗದಲ್ಲಿ. ಅದರಾಚೆ ಏನಿದೆ, ಹಿಂದೊಮ್ಮೆ ಅಂಚು ದಾಟಿ ಕಣಿವೆಗೆ ಬಿದ್ದ ವಿಮಾನಕ್ಕೆ ಏನಾಗಿತ್ತು ಎಂದು ಈ ಊರಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ವಿಮಾನದಲ್ಲಿ ಯಾರೂ ಆ ಮಾತನ್ನು ಎತ್ತಲಿಲ್ಲ. ಎಲ್ಲರೂ ಅದನ್ನೇ ಯೋಚಿಸುತ್ತಿದ್ದರು. ನಾನಂತೂ ಕಿಟಕಿಯಿಂದ ಆ ಚಕ್ರವನ್ನೇ ನೋಡುತ್ತಾ ಕೂತೆ. ಗಾಳಿಗೆ ಅದು ಅಲುಗಿದಂತೆ ಕಾಣುತ್ತಿತ್ತು, ಮತ್ತೆ ನೋಡಿದರೆ ಅಲುಗಿಲ್ಲ. ಇವರು ನನ್ನ ಮೇಲಿಂದ ಕೈ ಚಾಚಿ ಕಿಟಕಿಯ ಪರದೆ ಎಳೆದರು. "ಟಯರ್ ನೋಡುವ ಕೆಲಸ ನನ್ನದು. ನೀನು ಸುಮ್ಮನೆ ಕೂತುಕೋ."

ಸುಮ್ಮನೆ ಕೂರುವುದು ಹೇಗೆ? ಕಟೀಲಿನ ಅಮ್ಮನನ್ನು ಕರೆದೆ. ಇವರ ಅಂಗಡಿ ಅಲ್ಲೇ ಇರುವುದರಿಂದ ಬಿಕರ್ನಕಟ್ಟೆಯ ಬಾಲಯೇಸುವನ್ನೂ ಬಿಡಲಿಲ್ಲ. ಗಗನಸಖಿ ಬಂದು ತಲೆಯನ್ನು ಮೊಣಕಾಲಿಗೆ ಒತ್ತಿ ಹಿಡಿಯಬೇಕೆಂದು ತೋರಿಸಿದಳು. ಎಳೆಯ ಹುಡುಗಿ, ಅವಳ ತುಟಿಯೇ ಒಣಗಿತ್ತು. ತಲೆ ಬಗ್ಗಿಸಿದೆ. ಆಗ ನನ್ನ ಬಾಯಿಗೆ ಬಂದದ್ದು ನಮ್ಮ ಕುಟುಂಬದ ದೈವ ಜುಮಾದಿ. ಬೇರೆಯವರಾದರೆ ತೆಂಗಿನಕಾಯಿ, ಮಲ್ಲಿಗೆ, ಬೆಳ್ಳಿ ಏನಾದರೂ ಹೇಳುತ್ತಿದ್ದರು. ನನಗೆ ಆ ಕ್ಷಣಕ್ಕೆ ಯಾವುದೂ ನೆನಪಾಗಲಿಲ್ಲ.

"ದೈವವೇ, ಇದೊಂದು ಸಲ ನೆಲ ಮುಟ್ಟಿಸು. ಇನ್ನು ಈ ಜನ್ಮದಲ್ಲಿ ವಿಮಾನ ಹತ್ತುವುದಿಲ್ಲ. ಹತ್ತಿದರೆ ನೀನು ನನ್ನನ್ನು ಕೇಳು." ಬಾಯಿಬಿಟ್ಟೇ ಹೇಳಿದೆ. ಪಕ್ಕದಲ್ಲಿದ್ದ ಇವರಿಗೂ ಕೇಳಿತು. ಇವರು ತುಟಿ ಪಿಟಕ್ಕೆನ್ನಲಿಲ್ಲ.

ವಿಮಾನ ನೆಲಕ್ಕೆ ಬಡಿಯಿತು. ಒಂದು ಗಳಿಗೆ ಎಲ್ಲ ಸರಿಯಾಯಿತು ಎಂದುಕೊಂಡೆ. ಮರುಗಳಿಗೆಯಲ್ಲಿ ಎಡಕ್ಕೆ ವಾಲಿತು, ಕೆಳಗಿಂದ ಕಬ್ಬಿಣ ಕಿರುಚಿದ ಸದ್ದು, ಆಮೇಲೆ ಇಡೀ ವಿಮಾನ ಕುಪ್ಪಳಿಸುತ್ತಾ ಎತ್ತಲೋ ಓಡತೊಡಗಿತು. ರನ್‌ವೇ ಬಿಟ್ಟಿದೆ ಎಂದು ಬೆನ್ನಿಗೆ ಗೊತ್ತಾಯಿತು. ಯಾರೋ ಅಮ್ಮನನ್ನು ಕರೆಯುತ್ತಾ "ಅಪ್ಪೇ" ಎಂದು ಕೂಗುತ್ತಿದ್ದರು. ಕೂಗುತ್ತಿದ್ದವಳು ನಾನೇ ಎಂದು ಆಮೇಲೆ ಇವರು ಹೇಳಿದರು. ಅಂಚು ಎಲ್ಲಿದೆ, ಈಗ ಬಂತು, ಈಗ ಬಂತು ಎಂದು ಮೈಯೆಲ್ಲ ಹಿಡಿಯಾಗಿ ಕಾಯುತ್ತಿದ್ದಾಗ ವಿಮಾನ ಕೆಸರಿನಲ್ಲಿ ಹೂತು ನಿಂತಿತು.

ನಿಂತದ್ದೇ ತಡ, ನಮ್ಮ ಜನ ಎಂದಿನಂತೆ ಎದ್ದು ಮೇಲಿನ ಚೀಲಗಳಿಗೆ ಕೈಹಾಕಿದರು! ಆ ಎಳೆಯ ಹುಡುಗಿ "ಬ್ಯಾಗ್ ಬಿಡಿ, ಬ್ಯಾಗ್ ಬಿಡಿ" ಎಂದು ಗಂಟಲು ಹರಿಯುವಂತೆ ಕಿರುಚಬೇಕಾಯಿತು. ಬಾಗಿಲಿನಿಂದ ನೆಲಕ್ಕೆ ಹೆಚ್ಚು ಎತ್ತರವಿರಲಿಲ್ಲ, ಒಬ್ಬೊಬ್ಬರಾಗಿ ಧುಮುಕಿದೆವು. ಮೊಣಕಾಲವರೆಗೆ ಕೆಸರು. ಮಳೆ ಸುರಿಯುತ್ತಿತ್ತು. ಸುಟ್ಟ ರಬ್ಬರು, ಜಜ್ಜಿಹೋದ ಹುಲ್ಲು, ಎರಡರ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿಯಿತು. ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ. ಓಡಿ ದೂರ ನಿಂತು ತಿರುಗಿ ನೋಡಿದರೆ, ವಿಮಾನದ ಆಚೆ ಸ್ವಲ್ಪ ಹುಲ್ಲು, ಒಂದು ಬೇಲಿ. ಅದರಾಚೆ ಬರೀ ಮೋಡ.

ಸಂಜೆ ಮನೆಗೆ ಬಂದಾಗ ಪಕ್ಕದ ಮನೆಯ ಲಿಲ್ಲಿ ಬಾಯಿ ಗಂಜಿಯನ್ನೂ ಒಣಮೀನಿನ ಚಟ್ನಿಯನ್ನೂ ತಂದಿಟ್ಟರು. ನನಗೆ ನೀರು ಕೂಡ ಇಳಿಯಲಿಲ್ಲ. ಇವರು ಚಟ್ನಿಯನ್ನು ಎರಡು ಸಲ ಹಾಕಿಸಿಕೊಂಡು ಬಟ್ಟಲನ್ನು ಬೆರಳಿನಿಂದ ಒರಸಿ ನೆಕ್ಕಿದರು. "ಮನುಷ್ಯರಾ ನೀವು? ಸತ್ತು ಬದುಕಿ ಬಂದದ್ದು ಗೊತ್ತುಂಟಾ?" ಎಂದು ಹಾರಾಡಿದೆ. "ಬದುಕಿದವರು ಊಟ ಮಾಡ್ಬೇಕಲ್ಲ" ಎಂದರು. ಎಂಥ ಕಲ್ಲುಗುಂಡಿಗೆ ಎಂದು ಸಿಟ್ಟು ನೆತ್ತಿಗೇರಿತು.

ಹರಕೆಯ ಸಂಗತಿ ನನ್ನನ್ನು ಚುಚ್ಚತೊಡಗಿದ್ದು ಅಕ್ಷತಾಳ ಫೋನು ಬಂದಾಗ. ಅತ್ತು ಮುಗಿಸಿ, "ಅಮ್ಮಾ, ನೀನು ಬರ್ತಿ ಅಲ್ವಾ?" ಎಂದು ಕೇಳಿದಳು. "ಬರ್ತೇನೆ ಮಗಾ" ಎಂದೆ. ಹೇಳುವಾಗಲೇ ನಾಲಿಗೆ ಸುಟ್ಟಂತಾಯಿತು. ಹತ್ತಿದರೆ ಕೇಳು ಎಂದು ನಾನೇ ದೈವಕ್ಕೆ ಹೇಳಿದ್ದೆನಲ್ಲ! ಮಸ್ಕತ್ತಿಗೆ ಇಲ್ಲಿಂದ ಬಸ್ ಉಂಟಾ?

ಗುರುಪುರದ ಹತ್ತಿರ ನಮ್ಮ ಕುಟುಂಬದ ಮನೆ. ಯಜಮಾನಿಕೆ ನನ್ನ ತಾಯಿಯ ಅಣ್ಣ ಶೀನ ಮಾವನದು. ಇವರನ್ನು ಕರೆದುಕೊಂಡು ಅಲ್ಲಿಗೆ ಹೋದೆ. ಎಲ್ಲ ಕೇಳಿ ಮಾವ ಎಲೆಗೆ ಸುಣ್ಣ ಹಚ್ಚಿ ಮಡಚಿದರು.

"ಪತ್ತನಾಜೆ ಕಳೆದು ದೈವದ ಭಂಡಾರ ಒಳಗೆ ಹೋಯ್ತಲ್ಲ ಮಗಳೇ. ಇನ್ನು ದೀಪಾವಳಿ ಕಳೆದು ನೇಮ ಆಗುವಾಗ ಎದುರು ನಿಂತು ಕೇಳ್ಬೇಕು. ಬಿಡುಗಡೆ ಕೊಡುವುದು ದೈವ, ನಾನಲ್ಲ."

"ಅಷ್ಟರಲ್ಲಿ ಹೆರಿಗೆ ಆಗ್ತದೆ ಮಾವ."

"ಹಾಗಾದ್ರೆ ಹೋಗ್ಬೇಡ. ಮಾತು ಕೊಟ್ಟು ಮುರಿದ್ರೆ ಅದು ನಿನ್ನನ್ನೇ ಹುಡುಕ್ತದೆ ಅಂತ ಹೇಳ್ಲಿಕ್ಕಾಗುದಿಲ್ಲ. ಸಂತಾನಕ್ಕೆ ಬಂದ್ರೆ?"

ಅಲ್ಲಿಗೆ ನನ್ನ ಪ್ರಾಣ ಹಾರಿಹೋಯಿತು. ಪತ್ತನಾಜೆಯ ನಂತರ ಮಳೆಗಾಲ ಮುಗಿಯುವವರೆಗೆ ನಮ್ಮಲ್ಲಿ ವೇಷ ಕಟ್ಟಿ ದೈವವನ್ನು ಮೈಮೇಲೆ ಬರಿಸುವ ನೇಮವಿಲ್ಲ. ದೈವದ ನುಡಿ ಕೇಳಬೇಕೆಂದರೂ ಕೇಳುವಂತಿಲ್ಲ. ಹೋದರೆ ಹುಟ್ಟುವ ಮಗುವಿಗೆ ತಟ್ಟಬಹುದು. ಹೋಗದಿದ್ದರೆ ಮಗಳು ಪರದೇಶದಲ್ಲಿ ಒಬ್ಬಳೇ ಹೆರಬೇಕು.

ಆಟಿ ತಿಂಗಳು ಬಂತು. ಆಕಾಶವೇ ಕಾಣದ ಮಳೆ. ಬಿಜೈಯ ಮೇಲೆ ವಿಮಾನ ಹಾದುಹೋದಾಗಲೆಲ್ಲ ಕೈಯಲ್ಲಿದ್ದ ಸೌಟು ಹಾಗೆಯೇ ನಿಲ್ಲುತ್ತಿತ್ತು. ಸದ್ದು ಕಿವಿಯಿಂದ ಪೂರ್ತಿ ಹೋಗುವವರೆಗೆ ಉಸಿರು ಬಿಡುತ್ತಿರಲಿಲ್ಲ. ಒಂದು ದಿನ ಸಾರು ಉಕ್ಕಿ ಒಲೆಯೇ ಆರಿಹೋಯಿತು. ಅಕ್ಷತಾ ಕೇಳಿದಾಗಲೆಲ್ಲ ಮೊಣಕಾಲು ನೋವು ಎಂದೆ, ಡಾಕ್ಟರ್ ಸ್ವಲ್ಪ ಕಾಯಲು ಹೇಳಿದ್ದಾರೆ ಎಂದೆ. ನಿಜ ಹೇಳಬೇಕೆಂದರೆ ನನಗೆ ಎರಡು ಹೆದರಿಕೆಗಳಿದ್ದವು, ಒಂದು ದೈವದ್ದು, ಒಂದು ವಿಮಾನದ್ದು. ಯಾವುದು ಯಾವುದರ ಹಿಂದೆ ಅಡಗಿ ಕೂತಿದೆ ಎಂದು ನನಗೇ ತಿಳಿಯುತ್ತಿರಲಿಲ್ಲ. ದೈವ ಬಿಟ್ಟರೂ ನಾನು ಆ ಮೆಟ್ಟಿಲು ಹತ್ತುತ್ತಿದ್ದೆನೇ? ಬೆಳಗ್ಗೆ ಹತ್ತುತ್ತೇನೆ ಅನಿಸುತ್ತಿತ್ತು, ಮಧ್ಯಾಹ್ನ ಒಂದು ಗುಡುಗು ಬಂದರೆ ಮುಗಿಯಿತು.

ಇವರೂ ಆ ತಿಂಗಳು ಮಂಕಾಗಿದ್ದರು. ಒಣಮೀನಿನ ಸಾರು ಮಾಡಿದರೆ "ಹೊಟ್ಟೆ ಸರಿ ಇಲ್ಲ" ಎಂದು ಮಜ್ಜಿಗೆ ಅನ್ನ ಉಂಡು ಏಳುತ್ತಿದ್ದರು. ಮಳೆಗಾಲದಲ್ಲಿ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ತಾಜಾ ಮೀನಿಲ್ಲದೆ ಇವರಿಗೆ ಊಟ ರುಚಿಸುತ್ತಿಲ್ಲ ಎಂದುಕೊಂಡೆ.

ಬೋಟುಗಳು ಮತ್ತೆ ಕಡಲಿಗಿಳಿದ ಮೇಲೆ ಒಂದು ಬೆಳಗ್ಗೆ ಲಿಲ್ಲಿ ಬಾಯಿ ಗೇಟಿನಲ್ಲೇ ಕೂಗಿದರು, "ಟೀಚರ್, ಬಂಗುಡೆ ಬಂದುಂಟು, ಹೊಳೀತಾ ಉಂಟು!" ಕೊಂಡು ತಂದು ಮಸಾಲೆ ಅರೆದು ಹಚ್ಚಿ ಕಾಯಿಸಿದೆ. ಮನೆಯೆಲ್ಲ ಪರಿಮಳ. ಇವರು ಊಟಕ್ಕೆ ಬಂದು ಕೂತವರು ಬಟ್ಟಲನ್ನು ಮೆಲ್ಲಗೆ ಆಚೆ ಸರಿಸಿದರು. ಬಂಗುಡೆಯನ್ನು ಆಚೆ ಸರಿಸಿದರು! ಮದುವೆಯಾದ ಲಾಗಾಯ್ತಿನಿಂದ ಕಾಣದ ಸಂಗತಿ. ನಾನು ಕೇಳಬೇಕು ಎನ್ನುವಷ್ಟರಲ್ಲಿ ಫೋನ್ ಬಂತು. ಅಳಿಯ ಪ್ರಶಾಂತ.

"ಅತ್ತೆ, ಅಕ್ಷತಂಗೆ ಬಿಪಿ ಜಾಸ್ತಿ ಆಗಿದೆ. ಆಸ್ಪತ್ರೆಗೆ ಸೇರಿಸಿದ್ದೇನೆ. ಮಗುವನ್ನು ದಿನಕ್ಕೆ ಮೊದಲೇ ತೆಗೀಬೇಕಾಗ್ಬಹುದಂತೆ. ಬೇಗ ಬರ್ಲಿಕ್ಕೆ ಆಗ್ತದಾ?" ಗಟ್ಟಿ ಹುಡುಗ, ಅವನ ದನಿಯೇ ಒಡೆದಿತ್ತು.

ಫೋನ್ ಇಟ್ಟು ಅಲ್ಲೇ ನೆಲದ ಮೇಲೆ ಕೂತೆ. "ನನ್ನಿಂದಾಗುದಿಲ್ಲ. ಹೋದ್ರೆ ಮಗುವಿಗೆ ತಟ್ಟಿದ್ರೆ? ನಾನೇ ಕೊಂದ ಹಾಗಾಗ್ತದೆ" ಎಂದು ಗೋಳೋ ಎಂದು ಅತ್ತೆ.

ಇವರು ಕೈತೊಳೆದು ಬಂದು ನನ್ನೆದುರು ಕೂತರು. "ಹರಕೆ ಹೇಳಿದ್ದು ನೀನೊಬ್ಬಳೇ ಅಲ್ಲ. ನಾನೂ ಹೇಳಿದ್ದೇನೆ, ಅದೇ ವಿಮಾನದಲ್ಲಿ, ಅದೇ ಜುಮಾದಿಗೆ. ಇವಳನ್ನು ಮಗಳ ಹೆರಿಗೆಗೆ ಮುಟ್ಟಿಸು, ನೇಮದವರೆಗೆ ಮೀನು ಮುಟ್ಟುದಿಲ್ಲ ಅಂತ. ಈಗ ಹೇಳು, ವಿಮಾನ ನಿಂತದ್ದು ಯಾರ ಮಾತಿಗೆ? ನೀನು ಹೋಗದಿದ್ರೆ ನನ್ನ ಹರಕೆ ಸುಳ್ಳಾಗ್ತದೆ."

ನಾನು ಆ ಬಂಗುಡೆಯ ಬಟ್ಟಲನ್ನು ನೋಡಿದೆ. ಆಟಿಯ ಮಜ್ಜಿಗೆ ಅನ್ನಗಳೆಲ್ಲ ನೆನಪಾದವು. ಈ ಕಲ್ಲುಗುಂಡಿಗೆಯ ಮನುಷ್ಯ ಅಲ್ಲಿ ನನಗಾಗಿ, ಮಗಳಿಗಾಗಿ ಬೇಡಿಕೊಂಡಿದ್ದನೇ! ದೈವ ಇಬ್ಬರದ್ದನ್ನೂ ಕೇಳಿಸಿಕೊಂಡಿದೆ ಎಂದಾದರೆ ಹೋಗಲು ಒಂದು ಸಂದಿ ಉಂಟು ಎನಿಸಿತು. ಸಂದಿ ಅಷ್ಟೇ. ಅದರಲ್ಲೇ ನುಸುಳಿದೆ. ಮರುದಿನವೇ ಹೊರಟೆ.

ಆ ಪ್ರಯಾಣವನ್ನು ಹೇಗೆ ಮಾಡಿದೆನೋ ನಾನರಿಯೆ. ವಿಮಾನ ದೊಡ್ಡದು, ಆದರೆ ರನ್‌ವೇ ಅದೇ. ಓಡುವಾಗ ಕಿಟಕಿಯಿಂದ ಹುಲ್ಲಿನ ನಡುವೆ ಉದ್ದಕ್ಕೆ ಉತ್ತಂತಿದ್ದ ಕೆಂಪು ಗೆರೆ ಕಂಡಿತು. ನಮ್ಮ ವಿಮಾನ ಹೋದ ದಾರಿ. ಕಣ್ಣು ಮುಚ್ಚಿದವಳು ಮಸ್ಕತ್ತಿನಲ್ಲೇ ತೆರೆದದ್ದು. ಆಪರೇಶನ್ ಮಾಡಿಯೇ ಮಗುವನ್ನು ತೆಗೆದರು. ಗಂಡು, ಅಂಗೈಯಷ್ಟು. ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ನಾನು ಆ ಗಾಜಿನ ಹೊರಗೆ ನಿಂತು, "ನನ್ನನ್ನು ಕೇಳು, ಅವನನ್ನು ಕೇಳಬೇಡ" ಎಂದು ದೈವದ ಹತ್ತಿರ ಜಗಳವಾಡುತ್ತಿದ್ದೆ. ಅಕ್ಷತಾ ಚೇತರಿಸಿಕೊಂಡಳು, ಮಗು ಮೈ ಹಿಡಿಯಿತು, ನಾನು ಎಣ್ಣೆ ತಿಕ್ಕಿ ನೀರೆರೆದೆ. ಒಂದು ದಿನವೂ ನೆಮ್ಮದಿಯಿಂದ ಅವನ ಮುಖ ನೋಡಲಿಲ್ಲ. ಒಂದು ಸೀನು ಸೀನಿದರೂ, ಬಂತು, ಕೇಳಲು ಬಂತು ಎಂದು ಎದೆ ಹಾರುತ್ತಿತ್ತು. ಮೂರನೆಯ ಸಲ ಅದೇ ಹೆದರಿಕೆಯಲ್ಲಿ ವಿಮಾನದಲ್ಲಿ ಕೂತು ಹಿಂದೆ ಬಂದೆ.

ನೇಮ ಬಂತು. ಬೆಳಗಾಗುತ್ತಾ ಬಂದಾಗ ಅರಿಕೆ ಹೇಳುವ ಹೊತ್ತು. ಬೆನ್ನಿಗೆ ಅಣಿ ಕಟ್ಟಿ, ಕಾಲಿಗೆ ಗಗ್ಗರ ತೊಟ್ಟು ದೈವ ಅಂಗಳದಲ್ಲಿ ನಿಂತಿತ್ತು. ಶೀನ ಮಾವ ನನ್ನನ್ನು ಮುಂದೆ ನಿಲ್ಲಿಸಿ ವಿಷಯ ಹೇಳಿದರು. ದೈವ ಬಾಯಿ ತೆರೆಯುವಾಗ ಸರಿಯಾಗಿ ಮೇಲಿನಿಂದ ಮುಂಜಾನೆಯ ವಿಮಾನವೊಂದು ಬಜ್ಪೆಗೆ ಇಳಿಯುತ್ತಾ ಹಾದುಹೋಯಿತು. ದೈವ ಸದ್ದು ಕಳೆಯುವವರೆಗೆ ಕಾದು ನಿಂತಿತು.

"ಕರೆದದ್ದು ಕೇಳಿತು, ಬಂದೆ. ಹತ್ತಬೇಡ ಅಂತ ನಾನು ಹೇಳಿದ್ದೆನಾ ಮಗಳೇ?"

ನಾನು ಬಿಕ್ಕಿ ಅತ್ತೆ. ಮುಗಿಯಿತು ಎಂದುಕೊಂಡೆ. ಆಗ ಅಳಿಯಂದಿರ ಸಾಲಿನಲ್ಲಿ ಹಿಂದೆ ನಿಂತಿದ್ದ ಇವರು ಜನರನ್ನು ಸರಿಸಿಕೊಂಡು ಮುಂದೆ ಬಂದರು. ಹೆಗಲ ಶಾಲು ಸೊಂಟಕ್ಕೆ ಕಟ್ಟಿ ಕೈಮುಗಿದರು.

"ತಪ್ಪು ನನ್ನದೊಂದುಂಟು. ವಿಮಾನದಲ್ಲಿ ನಾನು ಯಾವ ಹರಕೆಯೂ ಹೇಳಲಿಲ್ಲ. ಹೆದರಿ ನಾಲಿಗೆಯೇ ಏಳಲಿಲ್ಲ. ಮಾವ ಹೋಗ್ಬೇಡ ಅಂದ ದಿನ ಮೀನು ಬಿಟ್ಟೆ, ಇವಳ ಹೆದರಿಕೆ ಬಿಡ್ಲಿ ಅಂತ. ಆಮೇಲೆ ಇವಳನ್ನು ಹೊರಡಿಸ್ಲಿಕ್ಕೆ ನಿನ್ನ ಹೆಸರಲ್ಲಿ ಸುಳ್ಳು ಹೇಳಿದೆ. ಕೇಳುದಿದ್ರೆ ನನ್ನನ್ನು ಕೇಳು. ಮಗುವಿಗೆ ಎಂತ ತಾಗ್ಬಾರ್ದು."

ಒಣಮೀನಿನ ಚಟ್ನಿ! ಆ ಸಂಜೆ ಎರಡೆರಡು ಸಲ ಹಾಕಿಸಿಕೊಂಡು ಬಟ್ಟಲು ನೆಕ್ಕಿದ್ದು ಕಣ್ಣೆದುರು ಬಂತು. ಮೀನು ಬಿಟ್ಟವರು ಉಣ್ಣುವ ಊಟವೇ ಅದು? ನನಗೆ ಹೊಳೆಯಲೇ ಇಲ್ಲವಲ್ಲ. ದೈವದ ಹೆಸರಿನಲ್ಲಿ ಸುಳ್ಳಾಡುವುದೆಂದರೆ ನಮ್ಮವರಿಗೆ ಏನು ಎಂದು ನನಗೆ ಗೊತ್ತು. ನಾನು ಮಸ್ಕತ್ತಿನಲ್ಲಿ ಗಾಜಿನ ಹೊರಗೆ ನಡುಗುತ್ತಿದ್ದಾಗ, ಇವರು ಬಿಜೈಯ ಮನೆಯಲ್ಲಿ ಒಬ್ಬರೇ ಅದಕ್ಕಿಂತ ದೊಡ್ಡ ಹೆದರಿಕೆಯನ್ನು ಇಟ್ಟುಕೊಂಡು ಕೂತಿದ್ದರು. ಫೋನಿನಲ್ಲಿ ಮಾತ್ರ, "ಎಂತ ಅಜ್ಜಿ, ಪುಳ್ಳಿ ಹೇಗಿದ್ದಾನೆ?" ಎಂದು ನಗಾಡುತ್ತಿದ್ದರು.

ದೈವ ಇವರತ್ತ ತಿರುಗಿತು. "ಸುಳ್ಳಿಗೆ ದಂಡ ಉಂಟು" ಎಂದಿತು. "ಬರುವ ನೇಮಕ್ಕೆ ಆ ಮಗುವನ್ನು ನನ್ನೆದುರು ತಂದು ನಿಲ್ಲಿಸಬೇಕು." ಮತ್ತೆ ಇಬ್ಬರ ಕೈಗೂ ಅಡಕೆಯ ಪಿಂಗಾರದ ಹೂ ಹಾಕಿತು.

ದಂಡ ಎಂಥದ್ದೆಂದು ಆ ಅಂಗಳದಲ್ಲಿ ನಮ್ಮಿಬ್ಬರಿಗೆ ಮಾತ್ರ ಅರ್ಥವಾದದ್ದು. ಆ ಎಳೆಯ ಜೀವ ವಿಮಾನದಲ್ಲಿ ಬಂದು ಇದೇ ಗುಡ್ಡದ ಮೇಲೆ, ಇದೇ ರನ್‌ವೇಯಲ್ಲಿ ಇಳಿಯಬೇಕು. ಇವರು ಅಲ್ಲೇ ಇನ್ನೊಂದು ಮಾತು ಕೊಟ್ಟರು, ಈ ಸಲ ಎಲ್ಲರೂ ಕೇಳುವಂತೆ: ಮಗು ದೈವದೆದುರು ನಿಲ್ಲುವವರೆಗೆ ಮೀನು ಮುಟ್ಟುವುದಿಲ್ಲ. ವರ್ಷವಿಡೀ ಮುಟ್ಟಲಿಲ್ಲ. ಲಿಲ್ಲಿ ಬಾಯಿ ಅಯ್ಯೋ ಪಾಪ ಎಂದು ಇವರಿಗಾಗಿ ಬದನೆಕಾಯಿಗೆ ಬಂಗುಡೆಯ ಮಸಾಲೆ ಹಾಕಿ ಕಳಿಸುತ್ತಿದ್ದರು.

ಹಾಗೆ ಮೊನ್ನೆ ವಿಮಾನ ನಿಲ್ದಾಣದ ಕಟಕಟೆಯ ಹತ್ತಿರ ನಿಂತಿದ್ದೆವು. ಮೋಡದ ಮೇಲೆಲ್ಲೋ ಗುಡುಗುಡು ಸದ್ದು ಕೇಳಿಸಿತು, ಮತ್ತೆ ದೂರವಾಯಿತು. ಇಳಿಯದೆ ತಿರುಗಿ ಹೋಯಿತೇ? ಇವರ ಮಣಿಕಟ್ಟು ನನ್ನ ಹಿಡಿಯಲ್ಲೇ ಇತ್ತು. ಅದು ನಡುಗುತ್ತಿತ್ತು. ಇಷ್ಟು ವರ್ಷಗಳಲ್ಲಿ ನಾನು ಕಂಡಿರದ ನಡುಕ.

"ಹೆದರಿಕೆ ಆಗ್ತದಾ?" ಎಂದೆ.

"ಹೂಂ. ಆವಾಗಲೂ ಆಗಿತ್ತು" ಎಂದರು.

ಸದ್ದು ಮತ್ತೆ ಬಂತು, ಈ ಸಲ ತಗ್ಗಿನಲ್ಲಿ. ಕಟ್ಟಡದ ಆಚೆಯಿಂದ ಚಕ್ರ ನೆಲಕ್ಕೆ ತಾಗಿದ್ದು, ಇಂಜಿನ್ ಗರ್ಜಿಸಿದ್ದು, ಗರ್ಜನೆ ಸ್ವಲ್ಪ ಸ್ವಲ್ಪವಾಗಿ ಇಳಿದದ್ದು, ಎಲ್ಲವನ್ನೂ ಇಬ್ಬರೂ ಉಸಿರು ಬಿಡದೆ ಕೇಳಿಸಿಕೊಂಡೆವು. ಬೇರೆ ಸದ್ದೇನೂ ಬರಲಿಲ್ಲ. ಒಳಗೆ ಬೋರ್ಡಿನ ಮೇಲೆ ಮಸ್ಕತ್ತಿನ ವಿಮಾನ ಬಂದಿದೆಯೆಂದು ಅಕ್ಷರ ಮೂಡಿತು.

ಇವರು ನನ್ನ ಹಿಡಿಯಿಂದ ಕೈ ಬಿಡಿಸಿಕೊಂಡು ಕಣ್ಣೊರೆಸಿಕೊಂಡರು.

"ನಾಳೆ ನೇಮ" ಎಂದರು. "ನಾಡಿದ್ದಿಗೆ ಲಿಲ್ಲಿ ಬಾಯಿಯ ಹತ್ತಿರ ಬಂಗುಡೆ ಹೇಳಿಡು ಮಾರಾಯ್ತಿ."